ಕೊನೆಯ ಕಾಲು ತಾಸು ಮಕ್ಕಳದು

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಹಿರೇಕೆರೂರು ತಾಲ್ಲೂಕಿನ ಶಾಲೆಗಳಲ್ಲಿ ವಲಯ ಮಟ್ಟದ ಕ್ರೀಡಾಕೂಟದ ಗಡಿಬಿಡಿ ಶುರುವಾಗುತ್ತದೆ. ಚಿಕ್ಕೇರೂರು, ಹಂಸಭಾವಿ, ಆಚೆಗೆ ಹಾನಗಲ್ಲಿನ ಕಡೆಗೂ ಅದೇ ಕಥೆ. ಹೊಲದಲ್ಲಿ ಗೋವಿನಜೋಳ ಎದೆಮಟ್ಟ ನಿಂತಿರುತ್ತದೆ, ಮಳೆ ಒಂದಿಷ್ಟು ಬಿಡುವು ಕೊಟ್ಟ ಸಂಜೆ ಮಕ್ಕಳು ಮೈದಾನಕ್ಕಿಳಿಯುತ್ತಾರೆ. ಕೊಕ್ಕೊ, ಕಬಡ್ಡಿ, ವಾಲಿಬಾಲು, ಥ್ರೋಬಾಲು, ಯಾವುದೇ ಆಟವಿರಲಿ, ಒಂದು ತಾಸು ಬೆವರು ಹರಿಸಿ ಕಲಿಯುತ್ತಾರೆ. ಆಮೇಲೆ ಬರುವುದು ಆ ಒಂದು ಮಾತು: ‘ಐದು ರೌಂಡ್ ಓಡ್ರಿ, ಮನೀಗೆ ಹೋಗ್ರಿ.’

ಈ ಐದು ರೌಂಡಿನ ಬಗ್ಗೆ ನನ್ನ ತಕರಾರಿದೆ. ಮಕ್ಕಳು ಓಡಬಾರದು ಅಂತಲ್ಲ. ಆದರೆ ದಿನದ ಅಭ್ಯಾಸದಲ್ಲಿ ಎಲ್ಲಕ್ಕಿಂತ ಬೇಸರದ, ಎಲ್ಲಕ್ಕಿಂತ ದಣಿಸುವ ಕೆಲಸವನ್ನು ಕಟ್ಟಕಡೆಗೆ ಇಟ್ಟರೆ ಮಗು ಮನೆಗೆ ಒಯ್ಯುವುದು ಅದನ್ನೇ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೊರೆಯುವ ತಣ್ಣೀರಿನಲ್ಲಿ ಒಂದು ಕೈಯನ್ನು 60 ಸೆಕೆಂಡು ಇಡುವುದು ಒಂದು ಸಲ. ಅದೇ 60 ಸೆಕೆಂಡಿನ ಮೇಲೆ, ನೀರು ಚೂರು ಬೆಚ್ಚಗಾಗುತ್ತ ಹೋಗುವಂತೆ ಮಾಡಿ ಇನ್ನೂ 30 ಸೆಕೆಂಡು ಇಡುವುದು ಇನ್ನೊಂದು ಸಲ. ಮೂರನೇ ಸಲಕ್ಕೆ ಯಾವುದು ಬೇಕು ಎಂದು ಕೇಳಿದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಕೊನೆ ಹಿತವಾಗಿದ್ದರೆ ಇಡೀ ಅನುಭವವೇ ಹಿತವಾಗಿ ನೆನಪುಳಿಯುತ್ತದೆ. 2016ರಲ್ಲಿ ಜೆಂಕೊ, ಎಕೆಕಾಕಿಸ್, ಏರಿಯೆಲಿ ಎಂಬ ಸಂಶೋಧಕರು ವ್ಯಾಯಾಮದ ಸೈಕಲ್ ಮೇಲೆ ಜನರನ್ನು ಕೂರಿಸಿ ಇದನ್ನೇ ನೋಡಿದರು. ಮೊದಲು ಕಷ್ಟ, ಬರಬರುತ್ತ ಹಗುರ ಎಂಬ ಕ್ರಮದಲ್ಲಿ ತುಳಿದವರು ಆ ವ್ಯಾಯಾಮವನ್ನು ಹೆಚ್ಚು ಖುಷಿಯಿಂದ ನೆನೆದರು, ಮುಂದಿನ ಸಲವೂ ಹಾಗೇ ಖುಷಿಯಾಗಿರುತ್ತದೆ ಎಂದು ನಿರೀಕ್ಷಿಸಿದರು.

ಸಾಫ್ಟ್‌ಬಾಲಿನಂಥ ಹೊಸ ಆಟ ಕಲಿಸುವ ಶಾಲೆಗೆ ಇದು ಬಹಳ ಮುಖ್ಯ. ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ಕೂಟಗಳಲ್ಲಿ ಈ ಆಟ ಇದೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೂ ಮರಳಿ ಬರುತ್ತಿದೆ. ಆದರೆ ಹಳ್ಳಿಯ ಮಗುವಿಗೆ ಇದರ ಬೆನ್ನಿಗೆ ಕಬಡ್ಡಿಯ ಹಾಗೆ ಅಣ್ಣಂದಿರ ಸಂಘವಿಲ್ಲ, ಕ್ರಿಕೆಟ್ಟಿನ ಹಾಗೆ ಟಿ.ವಿ. ಇಲ್ಲ. ನಾಳೆ ಮತ್ತೆ ಮೈದಾನಕ್ಕೆ ಬರಲು ಆ ಮಗುವಿಗಿರುವ ಕಾರಣ ಒಂದೇ, ಇವತ್ತಿನ ಆಟದ ರುಚಿ. ಆದ್ದರಿಂದ ಕೊನೆಯ ಕಾಲು ತಾಸನ್ನು ಪಂದ್ಯಕ್ಕೆ ಬಿಡಿ ಎನ್ನುತ್ತೇನೆ. ಎರಡು ತಂಡ, ಒಂದು ಎಣಿಕೆ, ಸೋಲು, ಗೆಲುವು, ಗದ್ದಲ. ‘ಸರ್, ಇನ್ನೊಂದ್ ಸಲರೀ’ ಎಂದು ಮಕ್ಕಳು ಬೆನ್ನು ಹತ್ತಬೇಕು. ಆ ಹೊತ್ತಿಗೇ ಸೀಟಿ ಊದಿ ನಿಲ್ಲಿಸಬೇಕು.

ಈ ಆಟ ಹುಟ್ಟಿದ್ದೂ ಹೊತ್ತು ಕಳೆಯಲಿಕ್ಕೇ. 1887ರ ನವೆಂಬರಿನಲ್ಲಿ ಶಿಕಾಗೊದ ಫಾರಾಗಟ್ ಬೋಟ್ ಕ್ಲಬ್ಬಿನಲ್ಲಿ ಒಂದಿಷ್ಟು ಹುಡುಗರು ಹಾರ್ವರ್ಡ್–ಯೇಲ್ ಫುಟ್ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾದು ಕೂತಿದ್ದರು. ಸುದ್ದಿ ಬಂದ ಖುಷಿಯಲ್ಲಿ ಒಬ್ಬ ಬಾಕ್ಸಿಂಗ್ ಗ್ಲೌಸು ಎಸೆದ, ಇನ್ನೊಬ್ಬ ಕೋಲಿನಿಂದ ಬಾರಿಸಿದ. ಜಾರ್ಜ್ ಹ್ಯಾನ್‌ಕಾಕ್ ಎಂಬವರು ಆ ಗ್ಲೌಸನ್ನೇ ಅದರ ದಾರದಿಂದ ಬಿಗಿದು ಚೆಂಡು ಮಾಡಿ, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಆಟ ಕಟ್ಟಿಬಿಟ್ಟರು. ಅಂದಮೇಲೆ ಸಾಮಾನಿಲ್ಲ ಎಂದು ಯಾವ ಶಾಲೆಯೂ ಕೈಕಟ್ಟಿ ಕೂರಬೇಕಾಗಿಲ್ಲ. ಓಡುವವರು ಮುಟ್ಟಬೇಕಾದ ಬೇಸಿಗೆ ಗೋಣಿಚೀಲ ಮಡಚಿಟ್ಟರೆ ಸಾಕು. ಇಟ್ಟಿಗೆ ಮಾತ್ರ ಇಡಬೇಡಿ, ಓಡುವ ಕಾಲು ಮುರಿಯುತ್ತದೆ. ಚೆಂಡಿಗೆ ಟೆನಿಸ್ ಬಾಲು ನಡೆಯುತ್ತದೆ. ಗ್ಲೌಸಿಲ್ಲದ ಮಗುವಿನ ಕೈಗೆ ನಿಜವಾದ ಸಾಫ್ಟ್‌ಬಾಲು ಜೋರಾಗಿ ಬಂದರೆ ಬೆರಳು ನೋಯುತ್ತದೆ, ಅಲ್ಲಿಗೆ ಆಟದ ಆಸೆಯೂ ಮುಗಿಯುತ್ತದೆ.

ಕೊನೆಗೆ ಆಡಿಸುವ ಆಟಗಳಲ್ಲಿ ಮೊದಲು ಲಗೋರಿ. ನನ್ನ ಮಟ್ಟಿಗೆ ಅಭ್ಯಾಸ ಮುಗಿಸಲು ಇದಕ್ಕಿಂತ ಒಳ್ಳೆಯ ಆಟವಿಲ್ಲ. ಹೋಂ ಪ್ಲೇಟಿನ, ಅಂದರೆ ಬ್ಯಾಟು ಬೀಸುವವರು ನಿಲ್ಲುವ ‘ಮನೆ’ಯ ಜಾಗದಲ್ಲಿ ಏಳು ಹಂಚಿನ ಚೂರನ್ನೋ ಮರದ ತುಂಡನ್ನೋ ಪೇರಿಸಿ. ಒಂದು ತಂಡ ಮೈದಾನದಲ್ಲಿ ಹರಡಿ ನಿಲ್ಲಲಿ, ಇನ್ನೊಂದು ಓಡಲು ಸಾಲು ಹಿಡಿಯಲಿ. ಮಾಸ್ತರರು ಚೆಂಡನ್ನು ದೂರಕ್ಕೆ ಹೊಡೆದ ಕೂಡಲೇ ಸಾಲಿನ ಮೊದಲ ಹುಡುಗಿ ಓಟ ಕಿತ್ತು ಮೊದಲ ಬೇಸು ಮುಟ್ಟಿ ವಾಪಸು ಬರಬೇಕು. ಅಷ್ಟರೊಳಗೆ ಚೆಂಡು ಹಿಡಿದವರು ಅದನ್ನು ಮನೆಯ ಕಡೆ ಎಸೆದು ಲಗೋರಿ ಉರುಳಿಸಿದರೆ ಔಟು, ಇಲ್ಲದಿದ್ದರೆ ಒಂದು ರನ್ನು. ಆರು ಜನ ಓಡಿದ ಮೇಲೆ ತಂಡ ಬದಲು.

ಇದರಲ್ಲಿರುವ ಪಾಠವನ್ನು ಬಾಯಿಬಿಟ್ಟು ಹೇಳುವುದೇ ಬೇಡ. ದೂರದಿಂದ ಎಸೆಯುವ ಮಗು ಸಾಮಾನ್ಯವಾಗಿ ಚೆಂಡನ್ನು ಆಕಾಶಕ್ಕೆ ಎತ್ತುತ್ತದೆ. ಲಗೋರಿಯ ಎತ್ತರವಾದರೋ ಒಂದು ಗೇಣು. ಎತ್ತಿ ಎಸೆದದ್ದು ಅದರ ತಲೆಯ ಮೇಲೆ ಹಾರಿ ಬೇಲಿ ಸೇರುತ್ತದೆ. ಎರಡು ಸಲ ಹೀಗಾದ ಮೇಲೆ ಮಗು ತಾನೇ ಮೊಣಕೈ ತಗ್ಗಿಸದೆ, ಮುಂದಿನ ಕಾಲನ್ನು ಗುರಿಯ ಕಡೆ ಇಟ್ಟು, ಚೆಂಡು ಒಂದು ಪುಟ ಬಿದ್ದು ಸರಿಯಾಗಿ ಬುಡಕ್ಕೆ ಹೋಗುವಂತೆ ಎಸೆಯಲು ಶುರು ಮಾಡುತ್ತದೆ. ಓಡಿ ಬರುವವರ ಕಾಲಿಗೆ ಚೆಂಡು ಮುಟ್ಟಿಸಬೇಕಾದ ಕ್ಯಾಚರಿಗೆ ಬೇಕಾದದ್ದೂ ಇಂಥದೇ ಎಸೆತ. ಇನ್ನೊಂದು ಕಲಿಕೆ: ಗಡಿಯಲ್ಲಿ ನಿಂತವರ ಕೈ ಅಷ್ಟು ದೂರ ಸಾಲುವುದಿಲ್ಲ. ನಡುವೆ ನಿಂತವಳು ‘ಇಲ್ಲಿ ಕೊಡೇ!’ ಎಂದು ಕೂಗುತ್ತಾಳೆ, ಇವಳು ಅವಳಿಗೆ ಕೊಡುತ್ತಾಳೆ, ಅವಳು ತಿರುಗಿ ಮನೆಗೆ ಹೊಡೆಯುತ್ತಾಳೆ. ಹಲಗೆಯ ಮೇಲೆ ಚಿತ್ರ ಬರೆದು ವಾರಗಟ್ಟಲೆ ವಿವರಿಸಿದರೂ ತಲೆಗೆ ಹೋಗದ ವಿಷಯ ಇದು.

ಎರಡನೆಯದು ಇಪ್ಪತ್ತೊಂದು ಔಟು. ಸಾಫ್ಟ್‌ಬಾಲಿನಲ್ಲಿ ಏಳು ಇನ್ನಿಂಗ್ಸು, ಇನ್ನಿಂಗ್ಸಿಗೆ ಮೂರು ಔಟು, ಒಟ್ಟು 21. ಮಾಸ್ತರರು ನೆಲದ ಚೆಂಡು, ಎತ್ತರದ ಚೆಂಡು, ಬಲಕ್ಕೆ, ಎಡಕ್ಕೆ, ಮುಂಚೆ ಹೇಳದೆ ಹೊಡೆಯುತ್ತ ಹೋಗಬೇಕು. ಇಡೀ ತಂಡ ಸೇರಿ ತಪ್ಪಿಲ್ಲದೆ 21 ಔಟು ಮಾಡಬೇಕು. ದೊಡ್ಡವರ ತಂಡಗಳಲ್ಲಿ ಒಂದು ತಪ್ಪಾದರೆ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಹನ್ನೆರಡು ವರ್ಷದವರಿಗೆ ಆ ಕಟ್ಟುನಿಟ್ಟು ಬೇಡ. ಹತ್ತೊಂಬತ್ತನೆಯ ಚೆಂಡು ಕೈಬಿಟ್ಟ ಮಗುವಿನ ಕಡೆ ಇಡೀ ತಂಡ ತಿರುಗಿ ನೋಡುವ ಆ ಗಳಿಗೆಯ ಭಾರ ಅದಕ್ಕೆ ಹೆಚ್ಚು. ತಪ್ಪಾದರೆ ಹಿಂದಿನ ಇನ್ನಿಂಗ್ಸಿನ ಕೊನೆಗೆ, ಅಂದರೆ 19 ಇದ್ದದ್ದು 18ಕ್ಕೆ ಇಳಿದರೆ ಸಾಕು. ಇಲ್ಲಿ ಎದುರಾಳಿ ಬೇರೆ ತಂಡವಲ್ಲ, ಗಡಿಯಾರ. ಇವತ್ತು ಕಾಲು ತಾಸಿನಲ್ಲಿ ಹದಿನೈದಕ್ಕೆ ಮುಟ್ಟಿದರೆ ನಾಳೆ ಹದಿನೆಂಟು.

ಮುಂಚೆ ಹೇಳದೆ ಹೊಡೆಯಬೇಕು ಎಂದದ್ದಕ್ಕೂ ಕಾರಣವಿದೆ. 1994ರಲ್ಲಿ ಹಾಲ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಕಾಲೇಜು ಬೇಸ್‌ಬಾಲ್ ಆಟಗಾರರಿಗೆ ಆರು ವಾರ ಹೆಚ್ಚುವರಿ ಬ್ಯಾಟಿಂಗ್ ಅಭ್ಯಾಸ ಕೊಟ್ಟರು. ಒಂದು ಗುಂಪಿಗೆ ಒಂದೇ ಬಗೆಯ ಹದಿನೈದು ಎಸೆತ, ಆಮೇಲೆ ಇನ್ನೊಂದು ಬಗೆಯ ಹದಿನೈದು ಹೀಗೆ. ಮತ್ತೊಂದಕ್ಕೆ ಮೂರೂ ಬಗೆಯ ಎಸೆತ ಕಲಸಿ. ಸಾಲಾಗಿ ಆಡಿದವರ ಹೊಡೆತ ಸುಮಾರು 25 ಪ್ರತಿಶತ ಸುಧಾರಿಸಿದರೆ, ಕಲಸಿ ಆಡಿದವರದು ಸುಮಾರು 57. ಮುಂದೇನು ಬರುತ್ತದೆಂದು ಗೊತ್ತಿಲ್ಲದಾಗ ಮೈ ಅಷ್ಟೇ ಅಲ್ಲ, ತಲೆಯೂ ದುಡಿಯುತ್ತದೆ. ಸಾಲುಗಟ್ಟಿ ನಿಂತು ಒಂದೇ ಎಸೆತವನ್ನು ತಿದ್ದುವುದು ಮೊದಲ ತಾಸಿಗೆ ಬೇಕು. ಅದನ್ನು ಪಂದ್ಯದ ಗದ್ದಲದಲ್ಲಿ ಉಪಯೋಗಕ್ಕೆ ತರುವುದನ್ನು ಕಲಿಯುವುದು ಈ ಕೊನೆಯ ಕಾಲು ತಾಸಿನಲ್ಲಿ.

ಎರಡು ಬೇಸುಗಳ ನಡುವೆ ಸಿಕ್ಕಿಬಿದ್ದ ಓಟಗಾರನನ್ನು ಹಿಡಿಯುವ ಆಟಕ್ಕೆ ಹಾವೇರಿ ಸೀಮೆಯ ಮಕ್ಕಳಿಗೆ ಪೀಠಿಕೆಯೇ ಬೇಡ. ದೀಪಾವಳಿಯಾದ ಮೇಲೆ ಊರೂರಿನಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಸರ ಕಟ್ಟಿದ ಹೋರಿ ಜನರ ನಡುವೆ ನುಗ್ಗುತ್ತದೆ, ಹುಡುಗರು ಕೊಬ್ಬರಿ ಹರಿಯಲು ಮುಗಿಬೀಳುತ್ತಾರೆ. ಓಡುವವರ ಸೊಂಟಕ್ಕೆ ಒಂದು ಕರವಸ್ತ್ರ ಸಿಕ್ಕಿಸಿ, ಅದೇ ಕೊಬ್ಬರಿ. ಚೆಂಡು ಕೈಯಲ್ಲಿದ್ದವರು ಮಾತ್ರ ಅದನ್ನು ಕೀಳಬಹುದು. ಹೋರಿಗಳಿಗೆ ಹೆಸರಿಡುವ ರೂಢಿ ಇಲ್ಲಿ ಇದ್ದೇ ಇದೆ, ಪ್ರತಿ ಓಟಗಾರರೂ ತಮಗೊಂದು ಹೆಸರು ಇಟ್ಟುಕೊಳ್ಳಲಿ. ಇನ್ನೊಂದು ನಿಯಮ: ಚೆಂಡನ್ನು ಮೂರು ಸಲಕ್ಕಿಂತ ಹೆಚ್ಚು ಕೈ ಬದಲಿಸಿದರೆ ಓಟಗಾರರಿಗೆ ಗೆಲುವು. ಚೆಂಡು ಕೈಬದಲಾದಷ್ಟೂ ತಪ್ಪಾಗುವ ಅವಕಾಶ ಹೆಚ್ಚು ಎಂಬುದು ಆಡುತ್ತ ಆಡುತ್ತ ತಿಳಿಯುತ್ತದೆ.

ಚೆಂಡು ಮತ್ತು ಕಾಲಿನ ಓಟವನ್ನೂ ಒಂದು ದಿನ ಆಡಿಸಿ. ಬೇಸಿನಿಂದ ಬೇಸಿಗೆ 60 ಅಡಿ, ಅಂದರೆ 18.29 ಮೀಟರು. ಮಗು ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಎಸೆದರೂ ಚೆಂಡು ಅಷ್ಟು ದೂರವನ್ನು ಒಂದೂವರೆ ಸೆಕೆಂಡಿನೊಳಗೆ ದಾಟುತ್ತದೆ; ಕಾಲಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಬೇಕು. ಒಬ್ಬರು ಮೂರು ಬೇಸು ಓಡಲಿ, ಚೆಂಡು ನಾಲ್ಕೂ ಬೇಸು ಸುತ್ತಲಿ. ಚೆಂಡೇ ಗೆಲ್ಲುತ್ತದೆ, ಯಾರೂ ಕೈಬಿಡದಿದ್ದರೆ. ಒಬ್ಬರು ಕೈಬಿಟ್ಟರೆ ಸಾಕು, ಓಡುವವರ ಕಡೆಯಿಂದ ಕೇಕೆ. ಬಂಟ್, ಅಂದರೆ ಚೆಂಡನ್ನು ಬ್ಯಾಟಿನಿಂದ ಮೆಲ್ಲಗೆ ತಟ್ಟಿ ಹತ್ತಿರವೇ ಬೀಳಿಸುವುದರ ಅಭ್ಯಾಸಕ್ಕಾದರೆ ಮೂರು ಗೋಣಿಚೀಲ ಹಾಸಿ, ಚೆಂಡು ಯಾವುದರ ಮೇಲೆ ನಿಂತರೆ ಎಷ್ಟು ಅಂಕ ಎಂದು ಗೊತ್ತುಮಾಡಿದರಾಯಿತು. ಚಿನ್ನಿದಾಂಡು ಆಡಿದ ಕೈಗೆ ಮೆಲ್ಲಗೆ ತಟ್ಟುವುದೂ ಗೊತ್ತಿರುತ್ತದೆ.

ಇಷ್ಟೂ ಆಟಗಳನ್ನು ಕೆಡಿಸುವ ಒಂದು ಚಾಳಿ ಇದೆ: ತಪ್ಪಿದವರನ್ನು ಹೊರಗೆ ಕೂರಿಸುವುದು. ಕೊನೆಗೆ ಒಬ್ಬರೇ ಉಳಿಯುವ ಆಟದಲ್ಲಿ ಮೊದಲು ಔಟಾಗುವುದು ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾದ ಮಗುವೇ. ಅದು ಗೆರೆಯ ಆಚೆ ಕೂತು ಹುಲ್ಲು ಕೀಳುತ್ತಿರುತ್ತದೆ, ಮೊದಲೇ ಚೆನ್ನಾಗಿ ಆಡುವವರಿಗೆ ಇನ್ನಷ್ಟು ಆಟ ಸಿಗುತ್ತದೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಕಬಡ್ಡಿಯಲ್ಲಿ ಇದಕ್ಕೆ ಮದ್ದಿದೆ. ಅಲ್ಲಿ ಔಟಾದವರು, ತಮ್ಮವರು ಎದುರಾಳಿಯನ್ನು ಔಟು ಮಾಡಿದ ಕೂಡಲೇ ಒಳಗೆ ಬರುತ್ತಾರೆ. ಅದನ್ನೇ ಇಲ್ಲಿಗೂ ತನ್ನಿ: ತಂಡದವರೊಬ್ಬರು ಒಳ್ಳೆಯ ಕ್ಯಾಚು ಹಿಡಿದರೆ ಹೊರಗಿದ್ದವರಲ್ಲಿ ಒಬ್ಬರಿಗೆ ಜೀವ. ಹೊರಗೆ ಕೂತವರೇ ಆಗ ತಂಡಕ್ಕಾಗಿ ಎಲ್ಲರಿಗಿಂತ ಜೋರಾಗಿ ಕೂಗುತ್ತಾರೆ. ಸಣ್ಣವರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಮಾಡುವುದೂ ಬೇಡ. ಐದನೆಯ ತರಗತಿಯ ಪುಟ್ಟವಳಿಗೆ ಗುರಿಯ ಅಂತರ ಕಡಿಮೆ ಮಾಡಿ, ಆದರೆ ಅವಳು ಗಳಿಸಿದ ಅಂಕ ಪೂರ್ತಿ ಲೆಕ್ಕಕ್ಕೆ ಬರಲಿ.

ತಂಡ ಆರಿಸುವುದನ್ನು ಇಬ್ಬರು ನಾಯಕರಿಗೆ ಬಿಟ್ಟರೆ ದಿನಾ ಕೊನೆಗೆ ಉಳಿಯುವುದು ಅದೇ ಮಗು. ಸಾಲಿನಲ್ಲಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಎಂದು ಎಣಿಸಿಬಿಡಿ, ದಿನದಿನಕ್ಕೂ ತಂಡ ಬದಲಾಗಲಿ. ಸೋತವರಿಗೆ ಬಸ್ಕಿ ಹೊಡೆಸಬಾರದು. ದಣಿದ ಮಗುವಿಗೆ ವ್ಯಾಯಾಮವೇ ಶಿಕ್ಷೆ ಎಂದು ಕಲಿಸಿದರೆ, ವ್ಯಾಯಾಮವನ್ನು ಜೀವನಪೂರ್ತಿ ದ್ವೇಷಿಸಲು ಕಲಿಸಿದಂತೆ. ಗೆದ್ದವರಿಗೆ ಒಂದು ಹಕ್ಕು ಕೊಡಿ, ನಾಳೆಯ ಕೊನೆಯ ಆಟ ಯಾವುದೆಂದು ಅವರು ಹೇಳಲಿ. ಚೀಲ, ಚೆಂಡು ಎತ್ತಿಡುವ ಕೆಲಸ ಇಬ್ಬರದೂ.

ಭುಜದ ಮೇಲೂ ಕಣ್ಣಿರಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಸಾಫ್ಟ್‌ಬಾಲ್ ಪಿಚರ್ ಯುಕಿಕೊ ಉಯೆನೊ ಎರಡು ದಿನಗಳಲ್ಲಿ ಮೂರು ಪಂದ್ಯ ಆಡಿ 413 ಎಸೆತ ಹಾಕಿ ಚಿನ್ನ ಗೆದ್ದರು. ಅಮೆರಿಕ ಅಲ್ಲಿಯವರೆಗಿನ ಮೂರೂ ಒಲಿಂಪಿಕ್ ಚಿನ್ನ ಗೆದ್ದ ತಂಡ. ಅದನ್ನು ಅವರು ಫೈನಲಿನಲ್ಲಿ 3–1ರಿಂದ ಸೋಲಿಸಿದರು. ಆ ಕಥೆ ಮಕ್ಕಳಿಗೆ ಹೇಳಿ, ಆದರೆ ಅವರ ಕೈಗಳಿಂದ ಅದನ್ನು ಬಯಸಬೇಡಿ. ಎಸೆತದ ಅಭ್ಯಾಸವೇ ಹೆಚ್ಚಾದ ದಿನ ಕೊನೆಗೆ ಲಗೋರಿ ಬೇಡ, ಓಟದ ಆಟವೋ ಬಂಟೋ ಸಾಕು. ಮಳೆಯಾಗಿ ನೆಲ ಜಾರುವ ದಿನ ಓಟವೂ ಬೇಡ. ಶಾಲೆಯ ಪಡಸಾಲೆಯಲ್ಲಿ ಹಳೇ ಕಾಲುಚೀಲ ಸುತ್ತಿದ ಚೆಂಡು, ಗೋಡೆಯ ಮೇಲೆ ಸುಣ್ಣದ ಕಡ್ಡಿಯ ಒಂದು ಚೌಕ, ಕೆಳಗಿನಿಂದ ಕೈಬೀಸಿ ಎಸೆಯುವ ಪಿಚಿಂಗು. ಹತ್ತರಲ್ಲಿ ಎಷ್ಟು ಚೌಕದೊಳಗೆ ಬಿತ್ತು ಎಂಬುದೇ ಪಂದ್ಯ.

ಇನ್ನು ಹೊತ್ತು. ಚಿಕ್ಕೇರೂರಿನಂಥ ಊರಿನ ಶಾಲೆಗೆ ಸುತ್ತಲ ಹಳ್ಳಿಗಳಿಂದಲೂ ಮಕ್ಕಳು ಬರುತ್ತಾರೆ. ಅವರಿಗೆ ಸಂಜೆಯ ಬಸ್ಸು ತಪ್ಪಿದರೆ ಬೇರೆ ದಾರಿಯಿಲ್ಲ. ಹೆಣ್ಣುಮಕ್ಕಳು ಆಟ ಬಿಡುವುದು ಎಷ್ಟೋ ಸಲ ಆಟ ಬೇಡವಾಗಿ ಅಲ್ಲ, ಕತ್ತಲಾಗುವ ಮೊದಲು ಮನೆ ಸೇರುತ್ತಾರೆಂಬ ಭರವಸೆ ಅವ್ವ–ಅಪ್ಪನಿಗೆ ಇಲ್ಲದ್ದರಿಂದ. ಹೀಗಾಗಿ ಕೊನೆಯ ಆಟದ ಹೊತ್ತನ್ನು ಬಸ್ಸಿನ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಬೇಕು. ಬಸ್ಸು ಐದೂವರೆಗಿದ್ದರೆ ಐದಕ್ಕೆ ಲಗೋರಿ ಪೇರಿಸಬೇಕು, ಐದೂ ಕಾಲಿಗೆ ಸೀಟಿ. ಹೊತ್ತು ಸಾಲದಿದ್ದರೆ ಮೊದಲಿನ ಕಸರತ್ತಿನಲ್ಲಿ ಹತ್ತು ನಿಮಿಷ ಕಡಿಮೆ ಮಾಡಿ, ಪಂದ್ಯಕ್ಕೆ ಕತ್ತರಿ ಹಾಕಬೇಡಿ. ಶನಿವಾರದ ಆಟವನ್ನಂತೂ ಪೂರ್ತಿ ಅವರಿಗೇ ಬಿಡಿ. ನಿಯಮ ಅವರು ಮಾಡಲಿ, ಜಗಳ ಬಂದರೆ ಅವರೇ ಬಿಡಿಸಿಕೊಳ್ಳಲಿ, ಸೀಟಿ ಎಂಟನೆಯ ತರಗತಿಯವರ ಕೈಯಲ್ಲಿರಲಿ.