ಹಣ ಹೋಯಿತು, ಟಿಕೆಟ್ ಬರಲಿಲ್ಲ: ತಂತ್ರಾಂಶದ ತಪ್ಪಿಗೆ ಗಣಿತದ ಲಗಾಮು

ಅಂತರಜಾಲದಲ್ಲಿ ಬಸ್ ಟಿಕೆಟ್ ಕಾಯ್ದಿರಿಸುವವರಿಗೆ ಪರಿಚಿತವಾದ ಸಂಕಟವೊಂದಿದೆ. ಖಾತೆಯಿಂದ ಹಣ ಕಡಿತವಾಗಿರುತ್ತದೆ. ಆಸನ ಮಾತ್ರ ದೊರೆತಿರುವುದಿಲ್ಲ. ಹಣ ಸಂದಾಯವಾಗಿದೆ ಎನ್ನುತ್ತದೆ ಬ್ಯಾಂಕು. ಬಂದಿಲ್ಲ ಎನ್ನುತ್ತದೆ ಬಸ್ ಸಂಸ್ಥೆ. ಎರಡೂ ಕಡೆಯ ತಂತ್ರಾಂಶಗಳು ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದು, ಅವುಗಳ ನಡುವಣ ಸಂವಾದ ತಪ್ಪಿರುವ ಸಾಧ್ಯತೆಯೂ ಉಂಟು.

ಹೀಗೆ ಬೇರೆ ಬೇರೆ ಸಂಸ್ಥೆಗಳ ಗಣಕಗಳು ಜಾಲದ ಮೂಲಕ ಪರಸ್ಪರ ಒದಗಿಸಿಕೊಳ್ಳುವ ಸೌಲಭ್ಯವೇ ವೆಬ್ ಸೇವೆ. ಇಂತಹ ಸೇವೆಗಳನ್ನು ಪೋಣಿಸಿ ಒಂದು ವ್ಯವಹಾರವನ್ನು ಪೂರ್ಣಗೊಳಿಸುವ ಕ್ರಮಕ್ಕೆ ವ್ಯವಹಾರ ಪ್ರಕ್ರಿಯೆ ಎಂದು ಹೆಸರು. ಇದನ್ನು ಬರೆಯಲೆಂದೇ 2002ರಲ್ಲಿ ಐಬಿಎಂ, ಮೈಕ್ರೋಸಾಫ್ಟ್ ಮತ್ತು ಬಿಇಎ ಕಂಪನಿಗಳು 'ಬಿಪೆಲ್' ಭಾಷೆಯನ್ನು ಪ್ರಕಟಿಸಿದವು. 2007ರಲ್ಲಿ ಅದರ ಎರಡನೇ ಆವೃತ್ತಿ ಓಯಸಿಸ್ ಸಂಸ್ಥೆಯ ಅಧಿಕೃತ ಮಾನಕವಾಯಿತು.

ಪ್ರಕ್ರಿಯೆ ಸರಿಯಾಗಿದೆಯೆಂದು ತಿಳಿಯಲು ಪರೀಕ್ಷೆಯೊಂದೇ ಸಾಲದು. ಪರೀಕ್ಷೆಯಿಂದ ದೋಷ ಇರುವುದನ್ನು ತೋರಿಸಬಹುದೇ ಹೊರತು ಇಲ್ಲದಿರುವುದನ್ನಲ್ಲ ಎಂಬುದು ಡಚ್ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಅವರ ಪ್ರಸಿದ್ಧ ಅಭಿಪ್ರಾಯ. ಆದ್ದರಿಂದ ಪ್ರಕ್ರಿಯೆಯನ್ನು ಮೊದಲು ಗಣಿತದ ಮಾದರಿಯಾಗಿ ಬರೆದು, ಅದು ತಲುಪಬಹುದಾದ ಎಲ್ಲ ಸ್ಥಿತಿಗಳನ್ನೂ ಪರಿಶೀಲಿಸುವ ವಿಧಾನ ರೂಪುಗೊಂಡಿತು.

ಇದಕ್ಕೆ ಬಳಸುವ ಮುಖ್ಯ ಸಾಧನ 'ಪೆಟ್ರಿ ಜಾಲ'. ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ 1962ರ ತಮ್ಮ ಮಹಾಪ್ರಬಂಧದಲ್ಲಿ ಇದಕ್ಕೆ ಬುನಾದಿ ಹಾಕಿದರು. ಇಲ್ಲಿ ವೃತ್ತಗಳು ಸ್ಥಿತಿಯನ್ನೂ ಚೌಕಗಳು ಕ್ರಿಯೆಯನ್ನೂ ಸೂಚಿಸುತ್ತವೆ. ವೃತ್ತದಿಂದ ವೃತ್ತಕ್ಕೆ ಸಾಗುವ ಬಿಲ್ಲೆಗಳು ಕೆಲಸ ಎಲ್ಲಿಗೆ ಬಂದಿದೆಯೆಂದು ತೋರಿಸುತ್ತವೆ. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಿಲ್ ವಾನ್ ಡೆರ್ ಆಲ್ಸ್ಟ್ ಇದನ್ನು ವ್ಯವಹಾರ ಪ್ರಕ್ರಿಯೆಗಳಿಗೆ ಅನ್ವಯಿಸಿ ಮೂರು ನಿಯಮಗಳನ್ನು ಮುಂದಿಟ್ಟರು. ಪ್ರಕ್ರಿಯೆ ಯಾವ ಹಂತದಲ್ಲಿದ್ದರೂ ಮುಕ್ತಾಯಕ್ಕೆ ದಾರಿಯಿರಬೇಕು. ಮುಗಿದಾಗ ಬಿಲ್ಲೆ ಬೇರೆಲ್ಲೂ ಉಳಿದಿರಬಾರದು. ಎಂದಿಗೂ ನಡೆಯದ ಕ್ರಿಯೆ ಇರಬಾರದು.

ಹತ್ತು ನಿಮಿಷದಲ್ಲಿ ಹಣ ಬಾರದಿದ್ದರೆ ಬಸ್ ಸಂಸ್ಥೆಯ ಗಣಕ ಆಸನವನ್ನು ಬಿಟ್ಟುಕೊಡುತ್ತದೆ ಎಂದಿಟ್ಟುಕೊಳ್ಳೋಣ. ಬ್ಯಾಂಕಿನ ಸಂದೇಶ ಹನ್ನೊಂದನೇ ನಿಮಿಷಕ್ಕೆ ಬಂದರೆ ಅದನ್ನು ಸ್ವೀಕರಿಸುವವರಿಲ್ಲ. ವ್ಯವಹಾರ ಮುಗಿದಿದ್ದರೂ ಬಿಲ್ಲೆಯೊಂದು ಉಳಿಯಿತು. ಆ ಬಿಲ್ಲೆಯೇ ಗ್ರಾಹಕನ ಹಣ. ಪರಿಶೀಲನೆ ನಡೆದಿದ್ದರೆ ಈ ಲೋಪ ನಕ್ಷೆಯ ಹಂತದಲ್ಲೇ ಸಿಕ್ಕಿಬೀಳುತ್ತಿತ್ತು. ಹಣ ಮರಳಿಸುವ ಕ್ರಿಯೆಯೊಂದನ್ನು ಸೇರಿಸಿದರೆ ಸಾಕಿತ್ತು.

ಮಾದರಿಯ ಸ್ಥಿತಿಗಳನ್ನು ಗಣಕವೇ ಜಾಲಾಡುವ ವಿಧಾನಕ್ಕಾಗಿ ಎಡ್ಮಂಡ್ ಕ್ಲಾರ್ಕ್, ಅಲೆನ್ ಎಮರ್ಸನ್ ಮತ್ತು ಜೋಸೆಫ್ ಸಿಫಾಕಿಸ್ ಅವರಿಗೆ 2007ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಜರ್ಮನಿಯ ಎಸ್‌ಎಪಿ ಕಂಪನಿಯ ಸುಮಾರು 600 ಪ್ರಕ್ರಿಯಾ ನಕ್ಷೆಗಳನ್ನು ಸಂಶೋಧಕರು ಪರಿಶೀಲಿಸಿದಾಗ ಕನಿಷ್ಠ 34ರಲ್ಲಿ ದೋಷ ಕಂಡುಬಂದುದು 2006ರಲ್ಲಿ ವರದಿಯಾಯಿತು. ಅಮೆಜಾನ್ ಎಂಜಿನಿಯರುಗಳು 2011ರಿಂದ ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ 'ಟಿಎಲ್‌ಎ ಪ್ಲಸ್' ಭಾಷೆ ಬಳಸತೊಡಗಿದರು. ಅವರ ದತ್ತಸಂಚಯ ಸೇವೆಯೊಂದರಲ್ಲಿ ಸಿಕ್ಕ ದೋಷವು 35 ಹೆಜ್ಜೆಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ನಡೆದಾಗಲಷ್ಟೇ ಪ್ರಕಟವಾಗುವಂಥದ್ದು. ಅದು ಎಂದಿನ ಪರೀಕ್ಷೆಗಳ ಕಣ್ಣು ತಪ್ಪಿಸಿತ್ತು.

ಈ ವಿಧಾನಕ್ಕೂ ಮಿತಿಗಳಿವೆ. ತಲಾ 10 ಸ್ಥಿತಿಗಳ 10 ಸೇವೆಗಳು ಕೂಡಿದರೆ ಒಟ್ಟು ಸ್ಥಿತಿಗಳು 1,000 ಕೋಟಿಯವರೆಗೆ ಬೆಳೆಯಬಹುದು. ಅಲ್ಲದೆ ಸಾಬೀತಾಗುವುದು ಮಾದರಿಯ ಸಾಚಾತನವೇ ವಿನಾ ಅದನ್ನು ಅನುಸರಿಸಿ ಬರೆದ ತಂತ್ರಾಂಶದ್ದಲ್ಲ. ಆದರೂ ಕಟ್ಟಡ ಎದ್ದ ಮೇಲೆ ಗೋಡೆ ಒಡೆಯುವುದಕ್ಕಿಂತ ನಕ್ಷೆಯಲ್ಲೇ ಗೆರೆ ತಿದ್ದುವುದು ಅಗ್ಗ. ಗ್ರಾಹಕನ ದುಡ್ಡಿನ ಮಟ್ಟಿಗಂತೂ ಅದೇ ಕ್ಷೇಮ.