ವಿಕಲಚೇತನ ಮಗುವಿನ ಶಿಕ್ಷಣ ಮತ್ತು ತೆರಿಗೆ ರಿಯಾಯಿತಿ



ಮಗುವಿನ ಬುದ್ಧಿ ಬೆಳವಣಿಗೆಯಾಗಲಿ, ಮಾತು, ಕಿವಿ, ಕಣ್ಣುಗಳಾಗಲಿ ಕುಂಠಿತವಾಗಿದ್ದರೆ ವಿಶೇಷ ತರಬೇತಿ ಅವಶ್ಯಕ. ಅದರ ವೆಚ್ಚವನ್ನು ತಗ್ಗಿಸುವ ಮಾರ್ಗಗಳುಂಟು. ಆದರೆ ಅವುಗಳಿಗೆಲ್ಲ ಬೇಕಾದ ಮೊದಲ ದಾಖಲೆ ಅಂಗವೈಕಲ್ಯದ ಪ್ರಮಾಣಪತ್ರ. ಅದನ್ನು ಮಾಡಿಸಿದರೆ ಮನೆತನಕ್ಕೆ ಕಳಂಕವೆಂದು ಹಿಂಜರಿಯುವವರಿದ್ದಾರೆ. ಈ ಹಿಂಜರಿಕೆಯಿಂದ ನಷ್ಟವಾಗುವುದು ಮಗುವಿಗೇ.

ರಿಯಾಯಿತಿ ಯಾರಿಗೆ?

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದುದರಿಂದ ತ್ಯಾವರೆಕೊಪ್ಪದ ಸುತ್ತಿನಲ್ಲಿ ಅಡಿಕೆ, ಭತ್ತವನ್ನೇ ನಂಬಿದ ಕುಟುಂಬಗಳಿಗೆ ಈ ಪ್ರಶ್ನೆ ಏಳುವುದಿಲ್ಲ. ಆದರೆ ದಂಪತಿಗಳಲ್ಲೊಬ್ಬರು ಶಿವಮೊಗ್ಗ ಅಥವಾ ಭದ್ರಾವತಿಯಲ್ಲಿ ಸಂಬಳದ ಕೆಲಸದಲ್ಲಿದ್ದು ತೆರಿಗೆ ಕಟ್ಟುತ್ತಿದ್ದರೆ ಗಮನಿಸತಕ್ಕದ್ದು. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಮಿನಲ್ಲಿದ್ದ ಈ ಸೌಲಭ್ಯವು 2025ರ ಹೊಸ ಕಾಯ್ದೆಯಲ್ಲಿಯೂ ಉಳಿದಿದೆ. ಅವಲಂಬಿತ ಮಗುವಿನ ಚಿಕಿತ್ಸೆ, ತರಬೇತಿ, ಪುನರ್ವಸತಿಗಾಗಿ ಖರ್ಚು ಮಾಡಿದವರ ಆದಾಯದಿಂದ, ವೈಕಲ್ಯ ಶೇಕಡ 40ಕ್ಕೆ ಕಡಿಮೆಯಿಲ್ಲದಿದ್ದರೆ 75,000 ರೂಪಾಯಿ, ಶೇಕಡ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಳೆಯಲಾಗುತ್ತದೆ. ಖರ್ಚು ಇದಕ್ಕಿಂತ ಕಡಿಮೆಯಿದ್ದರೂ ಪೂರ್ಣ ಮೊತ್ತ ಸಲ್ಲುತ್ತದೆ. ಶೇಕಡ 30ರ ದರದಲ್ಲಿ ತೆರಿಗೆ ಕಟ್ಟುವವರಿಗೆ 75,000 ಕಳೆದಾಗ ಸುಮಾರು 22,500 ರೂಪಾಯಿ ಉಳಿಯುತ್ತದೆ.

ಇದು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಕಡಿತವಿಲ್ಲದಿದ್ದರೂ ದರಗಳು ಕಡಿಮೆ. ಎರಡನ್ನೂ ಲೆಕ್ಕಹಾಕಿಸಿ ಲಾಭಕರವಾದುದನ್ನು ಆರಿಸಿಕೊಳ್ಳಿರಿ.

ತೆರಿಗೆ ಕಟ್ಟದವರಿಗೆ?

ಅವರಿಗೂ ಪ್ರಮಾಣಪತ್ರ ಅಷ್ಟೇ ಅಗತ್ಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ತಮಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ.

ಏನು ಮಾಡಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಗುವನ್ನು ತೋರಿಸಿರಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಲು ನೆರವಾಗುತ್ತಾರೆ. ಅನಂತರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತಜ್ಞರಿಂದ ಪರೀಕ್ಷೆ ಮಾಡಿಸಿರಿ. ಪ್ರಮಾಣಪತ್ರಕ್ಕೆ ಅವಧಿಯಿದ್ದರೆ ಅದು ಮುಗಿಯುವ ಮೊದಲೇ ಮರುಪರೀಕ್ಷೆಗೆ ಬನ್ನಿರಿ. ಅವಧಿ ಮೀರಿದ ಪತ್ರಕ್ಕೆ ಮುಂದಿನ ವರ್ಷ ರಿಯಾಯಿತಿ ದೊರೆಯದು. ಶುಲ್ಕದ ರಸೀದಿಗಳನ್ನು ಜೋಪಾನವಾಗಿಡಿರಿ.

ದಂಪತಿಗಳೇ, ಪ್ರಮಾಣಪತ್ರವು ಮಗುವಿನ ಹಣೆಬರಹವಲ್ಲ, ಅದರ ಹಕ್ಕಿನ ಚೀಟಿ. ಮಗುವನ್ನು ಮನೆಯೊಳಗೆ ಮರೆಮಾಡದೆ ಇಬ್ಬರೂ ಕೂಡಿ ಕರೆತನ್ನಿರಿ. ಬೇಗ ಬಂದಷ್ಟೂ ತರಬೇತಿಯ ಫಲ ಹೆಚ್ಚು.