ಕೆತ್ತಿಯ ಆಟದ ಅಂಗಳಕ್ಕೆ ಅನುದಾನ: ಮೊದಲು ಚರಂಡಿ, ಆಮೇಲೆ ನೆಲ

ಕುನ್ನೂರಿನಿಂದ ಉದಕಮಂಡಲಕ್ಕೆ ಹೋಗುವ ಪುಟ್ಟ ರೈಲಿನಲ್ಲಿ ಕುಳಿತವರಿಗೆ ಕೆತ್ತಿಯ ಕಣಿವೆ ಕಾಣದೆ ಹೋಗದು. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್, ಆಲೂಗಡ್ಡೆ, ಕೋಸಿನ ಮಡಿಗಳು. ನಡುನಡುವೆ ಬಡಗರ ಹಟ್ಟಿಗಳು. ಮೆಟ್ಟುಪಾಳಯದ ಮಂಡಿಯಲ್ಲಿ ವ್ಯವಹಾರವಿರುವ ನಮ್ಮ ಬಂಧುಗಳಿಗೆ ಈ ಹೆಸರು ಹೊಸದಲ್ಲ. ಇಷ್ಟು ಚೆಲುವಾದ ಊರಿನಲ್ಲಿ ದುರ್ಲಭವಾದದ್ದು ಸಮತಟ್ಟಾದ ನೆಲ. ಬಯಲುಸೀಮೆಯಲ್ಲಾದರೆ ಒಂದು ಮೈದಾನ ಹಾಳಾದರೆ ಮಕ್ಕಳು ಇನ್ನೊಂದಕ್ಕೆ ಹೋಗುತ್ತಾರೆ. ಇಲ್ಲಿ ಬಡಾವಣೆಯ ಉದ್ಯಾನದೊಳಗಿನ ವಾಲಿಬಾಲ್ ಅಂಗಳ ಬಿರುಕು ಬಿಟ್ಟರೆ ಅವರು ಇಳಿಯುವುದು ರಸ್ತೆಗೆ, ಅದೂ ತಿರುವಿನ ರಸ್ತೆಗೆ.

ಇಂಥ ಅಂಗಳವನ್ನು ಸರಿಪಡಿಸಲು ಹಣವನ್ನು ಯಾರಲ್ಲಿ, ಹೇಗೆ ಕೇಳಬೇಕು? ನಮ್ಮ ಓದುಗರಲ್ಲಿ ಅನೇಕರು ತಮ್ಮ ಊರಿನ ಸಂಘ, ಸಮಿತಿಗಳಲ್ಲಿ ಇರುವುದರಿಂದ ಈ ವಿಚಾರವನ್ನು ಸ್ವಲ್ಪ ವಿವರವಾಗಿ ನೋಡೋಣ.

ಅರ್ಜಿ ಬರೆಯುವ ಮೊದಲು ಆಕಾಶವನ್ನು ನೋಡಬೇಕು. 2009ರ ನವೆಂಬರ್ 10ರಂದು ದಾಖಲಾದಂತೆ ಕೆತ್ತಿಯಲ್ಲಿ 24 ಗಂಟೆಗಳಲ್ಲಿ 820 ಮಿಲಿಮೀಟರ್ ಮಳೆ ಸುರಿಯಿತು. ಆ ದಿನಗಳಲ್ಲಿ ನೀಲಗಿರಿಯಲ್ಲಿ ಗುಡ್ಡ ಕುಸಿದು 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ವಾಲಿಬಾಲ್ ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತಲೂ 3 ಮೀಟರ್ ಜಾಗ ಬಿಟ್ಟರೆ ಒಟ್ಟು 24ಕ್ಕೆ 15, ಅಂದರೆ 360 ಚದರ ಮೀಟರ್. ಅಂಥ ಒಂದು ದಿನದ ಮಳೆ ಇಷ್ಟೇ ಜಾಗದ ಮೇಲೆ ಸುರಿದರೆ 2 ಲಕ್ಷ 95 ಸಾವಿರ ಲೀಟರ್ ನೀರು. 12 ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳಲ್ಲಿ ತುಂಬಿದರೆ ಸುಮಾರು 25 ಲಾರಿ. ಮೇಲಿನ ಗುಡ್ಡದಿಂದ ಹರಿದುಬರುವ ನೀರು ಈ ಲೆಕ್ಕಕ್ಕೆ ಸೇರಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯದಲ್ಲಿ ಕೆತ್ತಿಯಲ್ಲಿ ಅಂಗಳವೆಂದರೆ ಮೊದಲು ಮೇಲ್ಬದಿಯ ಚರಂಡಿ, ಕೆಳಬದಿಯ ತಡೆಗೋಡೆ, ಕೊನೆಯಲ್ಲಿ ನೆಲ. ಬಯಲಿನ ಅಂಗಳದಲ್ಲಿ ನೀರು ಹರಿಯಲು ಮೀಟರಿಗೆ 5 ಮಿಲಿಮೀಟರ್ ಇಳಿಜಾರನ್ನು ಅಂತರರಾಷ್ಟ್ರೀಯ ವಾಲಿಬಾಲ್ ನಿಯಮವೇ ಒಪ್ಪುತ್ತದೆ. 15 ಮೀಟರ್ ಅಗಲಕ್ಕೆ ಅದು ಏಳೂವರೆ ಸೆಂಟಿಮೀಟರ್. ಮೇಸ್ತ್ರಿಗೆ ಈ ಅಳತೆಯನ್ನು ಬರೆದೇ ಕೊಡಬೇಕು. ದಾನಿಗಳಾದರೋ ಹೊಳೆಯುವ ನೆಲಕ್ಕೆ, ಕಮಾನಿಗೆ, ಗೇಟಿಗೆ ಸಂತೋಷದಿಂದ ಕೊಡುತ್ತಾರೆ. ಚರಂಡಿಯ ಮೇಲೆ ಹೆಸರಿನ ಕಲ್ಲು ಹಾಕಿಸಿದವರನ್ನು ನಾವು ಇನ್ನೂ ಕಂಡಿಲ್ಲ! ಚರಂಡಿಯಿಲ್ಲದ ನೆಲ ಮಾತ್ರ ಇಲ್ಲಿನ ಮಳೆಗೆ ಹೆಚ್ಚು ದಿನ ಬಾಳದು.

ಇನ್ನು ಹಣದ ಮಾತು. ತಮಿಳುನಾಡಿನಲ್ಲಿ ವ್ಯಾಪಾರಸ್ಥರ ಮನಸ್ಸಿಗೆ ಹಿಡಿಸುವಂಥ ಯೋಜನೆಯೊಂದಿದೆ. ‘ನಮಕ್ಕು ನಾಮೇ ತಿಟ್ಟಂ’, ಅಂದರೆ ನಮಗೆ ನಾವೇ ಯೋಜನೆ. 1997-98ರಲ್ಲಿ ಬಂದು, ನಡುವೆ ಬೇರೆ ಹೆಸರಿನಲ್ಲಿ ನಡೆದು, 2021-22ರಲ್ಲಿ ಪುನಃ ಅದೇ ಹೆಸರಿನಿಂದ ಆರಂಭವಾಯಿತು. ಸಾರ್ವಜನಿಕರು ಅಂದಾಜು ವೆಚ್ಚದ ಮೂರನೆಯ ಒಂದು ಭಾಗವನ್ನಾದರೂ ಮುಂದಿಡಬೇಕು. ಉಳಿದದ್ದನ್ನು ಸರ್ಕಾರ ಸೇರಿಸುತ್ತದೆ. ಲೆಕ್ಕಕ್ಕೆಂದು ಕೆಲಸ 9 ಲಕ್ಷದ್ದು ಎನ್ನೋಣ. ಊರಿನವರು 3 ಲಕ್ಷ ಕೂಡಿಸಿದರೆ ಕೆಲಸ 9 ಲಕ್ಷದ್ದಾಗುತ್ತದೆ. ಯಾವ ಅಂಗಡಿಯಲ್ಲಿ ಹೂಡಿದ ಬಂಡವಾಳ ಹೀಗೆ ಮೂರು ಪಟ್ಟಾಗುತ್ತದೆ? ಕೆತ್ತಿ ಪಟ್ಟಣ ಪಂಚಾಯತಿಯಾದ್ದರಿಂದ ಪಂಚಾಯತಿ ಕಚೇರಿಯಲ್ಲಿಯೇ ವಿಚಾರಿಸಿ ಮುಂದುವರಿಯಬೇಕು. ಇಂಥ ಯೋಜನೆಗಳ ನಿಯಮಗಳು ಆಗಾಗ ಬದಲಾಗುತ್ತವೆ.

ಎರಡನೆಯದು ಜನಪ್ರತಿನಿಧಿಗಳ ನಿಧಿ. 1993ರಲ್ಲಿ ಆರಂಭವಾದ ಸಂಸದರ ನಿಧಿ 2011-12ರಿಂದ ವರ್ಷಕ್ಕೆ 5 ಕೋಟಿ. ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಅದು ಬಾಳಿಕೆ ಬರುವ ಆಸ್ತಿಗೆ ಸಿಗುವ ಹಣ. ಬಲೆ, ಚೆಂಡು, ಕಾವಲುಗಾರನ ಸಂಬಳಕ್ಕೆ ಸಿಗದು. ಶಾಸಕರ ನಿಧಿಯೂ ಇದೆ.

ಮೂರನೆಯದು ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಯ ಹಣ. 2013ರ ಕಂಪನಿ ಕಾಯ್ದೆಯ 135ನೇ ವಿಧಿಯಂತೆ ನಿವ್ವಳ ಲಾಭ 5 ಕೋಟಿ, ಇಲ್ಲವೆ ವಹಿವಾಟು 1000 ಕೋಟಿ, ಇಲ್ಲವೆ ನಿವ್ವಳ ಆಸ್ತಿ 500 ಕೋಟಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಇಂಥ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಕಾಯ್ದೆಯ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ ಮುಂತಾದವುಗಳನ್ನು ಬೆಳೆಸುವ ‘ತರಬೇತಿ’ ಎಂಬ ಮಾತಿದೆ. ಆದ್ದರಿಂದ ಬರೀ ಸಿಮೆಂಟಿನ ಅಂದಾಜು ಕೊಡದೆ, ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ದಿನ, ಹೆಣ್ಣುಮಕ್ಕಳಿಗೆ ಯಾವ ಹೊತ್ತು ಎಂದು ಬರೆದರೆ ಅರ್ಜಿಗೆ ತೂಕ ಬರುತ್ತದೆ. ಹೆಣ್ಣುಮಕ್ಕಳಿಗೆ ಬಲೆಯ ಎತ್ತರ 2.24 ಮೀಟರ್, ಗಂಡಸರಿಗೆ 2.43, ಬಲೆಯನ್ನು ಏರಿಸಿ ಇಳಿಸಬಹುದಾದ ಕಂಬಗಳನ್ನೇ ಅಂದಾಜಿನಲ್ಲಿ ಸೇರಿಸಬೇಕು. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಮ್ಮ ಮನೆಗಳ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಸಿಗುವುದು ಒಂದು ಗಂಟೆ. ದೀಪಕ್ಕಿಂತ ವೇಳಾಪಟ್ಟಿ ಮುಖ್ಯ.

ಯಾರನ್ನೇ ಕೇಳಲಿ, ಕಾಗದಪತ್ರ ಸರಿಯಿರಬೇಕು. ನೆಲ ಪಂಚಾಯತಿಯದೋ, ಪುರಂಬೋಕೋ, ಬಡಾವಣೆ ಮಾಡಿದವರ ಹೆಸರಿನಲ್ಲೇ ಉಳಿದಿದೆಯೋ ಎಂಬುದು ಮೊದಲ ಪ್ರಶ್ನೆ. ನೀಲಗಿರಿಯಲ್ಲಿ ಮಣ್ಣು ಅಗೆಯುವ ಯಂತ್ರ ಇಳಿಸಲು ಜಿಲ್ಲಾಡಳಿತದ ಅನುಮತಿಯೂ ಬೇಕು. ಊರವರ ವಂತಿಗೆಯನ್ನು ಬ್ಯಾಂಕಿನ ಖಾತೆಯಲ್ಲೇ ಇಟ್ಟು, ಪ್ರತಿಯೊಬ್ಬರಿಗೂ ರಸೀದಿ ಕೊಟ್ಟು, ಖಾತೆ ಕಿರ್ದಿಯನ್ನು ಸಮಿತಿಯ ಮುಂದೆ ತೆರೆದಿಡಬೇಕು. ಇದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ಹಣವನ್ನು ಠೇವಣಿಯಿಟ್ಟು, ಅದರ ಬಡ್ಡಿಯಲ್ಲಿ ವರ್ಷವರ್ಷ ಚರಂಡಿಯ ಹೂಳು ತೆಗೆಸುವ ಏರ್ಪಾಡು ಮಾಡಿದರೆ ಇನ್ನೂ ಒಳ್ಳೆಯದು.

ಕೆತ್ತಿಗೆ ನೈಋತ್ಯ, ಈಶಾನ್ಯ ಎರಡೂ ಮಾರುತಗಳ ಮಳೆ ಬರುತ್ತದೆ. ಕಾಂಕ್ರೀಟು ಹಾಕಲು ಅನುಕೂಲವಾದದ್ದು ಜನವರಿಯಿಂದ ಏಪ್ರಿಲ್. ಆ ಹೊತ್ತಿಗೆ ಮಂಜೂರಾತಿ ಕೈಯಲ್ಲಿರಬೇಕಾದರೆ ಅಂದಾಜು ಪಟ್ಟಿ, ಜಾಗದ ದಾಖಲೆ, ವಂತಿಗೆಯ ಹಣ ಮೂರನ್ನೂ ಮಳೆಗಾಲದಲ್ಲೇ ಸಿದ್ಧಮಾಡಿಕೊಳ್ಳಬೇಕು. ಮಳೆ ಜೋರಾಗಿರುವಾಗಲೇ ಕೊಡೆ ಹಿಡಿದು ಹೋಗಿ ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆಂದು ನೋಡಿ, ಒಂದು ಚಿತ್ರ ತೆಗೆದು ಅರ್ಜಿಗೆ ಲಗತ್ತಿಸಬಹುದು.